ಕೂಡುವ ಪಾಠವಿಲ್ಲದ ಗಣಿತದ ಪುಸ್ತಕ

ಯಾವ ಗಣಿತದ ಪುಸ್ತಕವನ್ನೇ ತೆಗೆಯಿರಿ, ಮೊದಲು ಕೂಡುವ ಲೆಕ್ಕ, ಆಮೇಲೆ ಕಳೆಯುವ ಲೆಕ್ಕ. ಗುಣಾಕಾರ ಬರುವ ಹೊತ್ತಿಗೆ ಮಗು ಮಗ್ಗಿ ಉರುಹೊಡೆದಿರಬೇಕು. ಈ ಕ್ರಮ ಎಷ್ಟು ರೂಢಿಯಾಗಿದೆಯೆಂದರೆ, ಬೇರೆ ಕ್ರಮವೊಂದು ಇರಬಹುದು ಎಂದೇ ನಮಗೆ ತೋಚುವುದಿಲ್ಲ.

ಆದರೆ ಇದೆ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಕವಿರಾಜಮಾರ್ಗದ ಹೆಸರಿನ ಜೊತೆ ನಾವು ನೆನೆಯುವ ಅದೇ ನೃಪತುಂಗ. ಸಾವಿರಕ್ಕೂ ಹೆಚ್ಚು ಶ್ಲೋಕಗಳ ಈ ಗ್ರಂಥದಲ್ಲಿ ಲೆಕ್ಕದ ಮೂಲಕ್ರಿಯೆಗಳು ಎಂಟು. ಮೊದಲನೆಯದು ಗುಣಾಕಾರ. ಎರಡನೆಯದು ಭಾಗಾಕಾರ. ಆಮೇಲೆ ವರ್ಗ, ವರ್ಗಮೂಲ, ಘನ, ಘನಮೂಲ. ಏಳನೆಯದರ ಹೆಸರು ಸಂಕಲಿತ. ಸರಿ, ಕೂಡುವುದು ಕೊನೆಗೂ ಬಂತು ಎಂದುಕೊಂಡು ಓದಿದರೆ ಅಲ್ಲಿರುವುದು 2, 5, 8, 11 ಎಂದು ಸಮನಾಗಿ ಏರುತ್ತ ಹೋಗುವ ಸಂಖ್ಯೆಗಳ ಮೊತ್ತ ಕಂಡುಹಿಡಿಯುವ ಸೂತ್ರ. ಎಂಟನೆಯದು ವ್ಯುತ್ಕಲಿತ, ಅಂದರೆ ಅಂಥ ಸಾಲಿನಿಂದ ಆರಂಭದ ಒಂದಷ್ಟು ಪದಗಳನ್ನು ತೆಗೆದು ಉಳಿದದ್ದರ ಮೊತ್ತ ಹೇಳುವುದು. ಎರಡಕ್ಕೆ ಮೂರು ಕೂಡಿದರೆ ಐದು ಎಂಬ ಪಾಠ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅಷ್ಟು ಬಾರದವನು ಈ ಪುಸ್ತಕದ ಹತ್ತಿರ ಬರುವುದಿಲ್ಲ ಎಂದು ಮಹಾವೀರ ಅಂದುಕೊಂಡಿದ್ದನೋ ಏನೋ.

ನನಗೆ ಕುತೂಹಲ ಹುಟ್ಟಿದ್ದು ಇಲ್ಲಿಂದ. ಹಳೆಯ ಗಣಿತದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಕೇಳುವುದು ಒಂದೇ: ಯಾರು ಏನನ್ನು ಮೊದಲು ಕಂಡುಹಿಡಿದರು? ಸೊನ್ನೆ ಯಾರದು, ಪೈ ಎಷ್ಟು ಸರಿಯಾಗಿತ್ತು? ಅದಕ್ಕಿಂತ ಹೆಚ್ಚು ಹೇಳುವುದು ಪುಸ್ತಕದ ವಿಷಯಸೂಚಿ. ಯಾವ ಲೆಕ್ಕವನ್ನು ಯಾವ ಅಧ್ಯಾಯದಲ್ಲಿ ಇಟ್ಟಿದ್ದಾರೆ, ಯಾವುದನ್ನು ಇನ್ನೊಂದರ ಮಗ್ಗುಲಿಗೆ ಕೂರಿಸಿದ್ದಾರೆ ಎಂಬುದರಲ್ಲಿ ಆ ಕಾಲದವರಿಗೆ ಗಣಿತವೆಂದರೆ ಏನಾಗಿತ್ತು ಎಂಬುದು ತಿಳಿಯುತ್ತದೆ.

ಮೊದಲು ಗಣಿತ ಎಲ್ಲಿ ವಾಸವಾಗಿತ್ತು ಎಂದು ನೋಡೋಣ. ಅದಕ್ಕೆ ಸ್ವಂತ ಮನೆ ಇರಲಿಲ್ಲ, ಜ್ಯೋತಿಷದ ಮನೆಯಲ್ಲಿ ಒಂದು ಕೋಣೆ ಇತ್ತು. ಆರನೆಯ ಶತಮಾನದ ವರಾಹಮಿಹಿರ ಜ್ಯೋತಿಷಶಾಸ್ತ್ರಕ್ಕೆ ಮೂರು ಸ್ಕಂಧ, ಅಂದರೆ ಮೂರು ಕೊಂಬೆ ಎನ್ನುತ್ತಾನೆ. ಗ್ರಹಗಳ ಗತಿಯ ಲೆಕ್ಕ ಒಂದು, ಜಾತಕ ಇನ್ನೊಂದು, ಮಳೆ ಬೆಳೆ ಶಕುನಗಳೆಲ್ಲ ಸೇರಿದ ಸಂಹಿತೆ ಮೂರನೆಯದು. ನಾವು ಈಗ ಗಣಿತ ಎನ್ನುವುದು ಆ ಮೊದಲ ಕೊಂಬೆಯ ಒಂದು ರೆಂಬೆ. ಅದಕ್ಕೂ ಮುಂಚೆ, 499ರ ಲೆಕ್ಕ ಕೊಡುವ ಆರ್ಯಭಟೀಯದಲ್ಲಿ ನಾಲ್ಕು ಪಾದಗಳಿವೆ. ಗಣಿತಪಾದ ಅದರಲ್ಲಿ ಒಂದು, ಬರೀ 33 ಶ್ಲೋಕ. ವರ್ಗಮೂಲದಿಂದ ಹಿಡಿದು ಬಡ್ಡಿ ಲೆಕ್ಕದವರೆಗೆ ಎಲ್ಲವೂ ಆ 33ರೊಳಗೇ. ಉಳಿದ ಪಾದಗಳು ಕಾಲಮಾನ, ಗೋಲ, ಗ್ರಹಗಳಿಗೆ ಸೇರಿದ್ದು. ಗಣಿತವೆಂಬುದು ಆಕಾಶ ನೋಡುವವನು ಸೊಂಟಕ್ಕೆ ಸಿಕ್ಕಿಸಿಕೊಂಡ ಉಪಕರಣದ ಚೀಲವಿದ್ದಂತೆ.

ಚೀಲದೊಳಗಿನ ಉಪಕರಣಗಳಿಗೆ ಒಂದು ಪಟ್ಟಿ ಹಾಕಿಕೊಟ್ಟವನು ಬ್ರಹ್ಮಗುಪ್ತ. ಇವತ್ತಿನ ರಾಜಸ್ಥಾನದ ಭೀನ್‌ಮಾಲದಲ್ಲಿ, 628ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದ. ಅದೂ ಖಗೋಳದ ಗ್ರಂಥವೇ. ಆದರೆ ಹನ್ನೆರಡನೆಯ ಅಧ್ಯಾಯದ ಮೊದಲ ಶ್ಲೋಕದಲ್ಲೇ ಗಣಕ ಯಾರು ಎಂದು ಹೇಳಿಬಿಡುತ್ತಾನೆ. ಸಂಕಲಿತದಿಂದ ಶುರುವಾಗುವ ಇಪ್ಪತ್ತು ಪರಿಕರ್ಮಗಳನ್ನೂ ಛಾಯೆಯಲ್ಲಿ ಮುಗಿಯುವ ಎಂಟು ವ್ಯವಹಾರಗಳನ್ನೂ ಬೇರೆಬೇರೆಯಾಗಿ ಬಲ್ಲವನೇ ಗಣಕ. ಇಷ್ಟೇ. ಜಾಣತನ, ದೈವಕೃಪೆ, ವಂಶ ಯಾವುದರ ಮಾತೂ ಇಲ್ಲ.

ಪರಿಕರ್ಮ ಮತ್ತು ವ್ಯವಹಾರ ಎಂಬ ಈ ಎರಡು ಪದಗಳು ಅರ್ಥವಾದರೆ ಆ ಕಾಲದ ಗಣಿತದ ನಕ್ಷೆ ಅರ್ಧ ಅರ್ಥವಾದಂತೆ. ಪರಿಕರ್ಮ ಎಂದರೆ ಅಂಕಿಗಳ ಮೇಲೆ ಮಾಡುವ ಕೆಲಸ. ಕೂಡುವುದು, ಕಳೆಯುವುದರಿಂದ ಘನಮೂಲದವರೆಗೆ ಎಂಟು. ಭಿನ್ನರಾಶಿಗಳನ್ನು ಸರಿಪಡಿಸಿ ಒಂದು ರೂಪಕ್ಕೆ ತರುವ ಬಗೆಗಳು ಐದು. ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕ, ಅದರ ತಿರುವುಮುರುವಾದ ವ್ಯಸ್ತತ್ರೈರಾಶಿಕ, ಐದು, ಏಳು, ಒಂಬತ್ತು, ಹನ್ನೊಂದು ರಾಶಿಗಳ ಲೆಕ್ಕ, ಕೊನೆಗೆ ಸರಕಿಗೆ ಸರಕು ಬದಲಾಯಿಸುವ ಭಾಂಡಪ್ರತಿಭಾಂಡ. ಒಟ್ಟು ಇಪ್ಪತ್ತು. ವ್ಯವಹಾರ ಎಂದರೆ ಆ ಕೆಲಸ ಬೇಕಾಗುವ ಸಂದರ್ಭ. ಕನ್ನಡದಲ್ಲಿ ನಾವು ಈಗಲೂ ‘ಅವರಿಬ್ಬರ ನಡುವೆ ಏನೋ ವ್ಯವಹಾರ ಇದೆ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಅರ್ಥ. ಬೆರಕೆ ಲೆಕ್ಕ, ಸಾಲಾಗಿ ಏರುವ ಸಂಖ್ಯೆ, ಹೊಲದ ಅಳತೆ, ತೋಡಿದ ಗುಂಡಿ, ಪೇರಿಸಿದ ಇಟ್ಟಿಗೆ, ಗರಗಸದ ಕೊಯ್ತ, ಕಾಳಿನ ರಾಶಿ, ಕೊನೆಗೆ ನೆರಳು.

ಈ ಪಟ್ಟಿ ಮೊದಲ ನೋಟಕ್ಕೆ ಬರಿಯ ಸಂತೆಯಂತೆ ಕಾಣುತ್ತದೆ. ಸಾಲುಸಂಖ್ಯೆಗೂ ಗರಗಸಕ್ಕೂ ಏನು ಸಂಬಂಧ? ಆದರೆ ಕಾಳಿನ ರಾಶಿಯ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಇದರ ತರ್ಕ ಗೊತ್ತಾಗುತ್ತದೆ.

ಕಣದಲ್ಲಿ ಭತ್ತ ಸುರಿದಿದ್ದಾರೆ. ರಾಶಿಯ ಮೇಲೆ ಹತ್ತಿ ಎತ್ತರ ಅಳೆಯಲಾಗದು, ಹತ್ತಿದರೆ ರಾಶಿ ಕುಸಿಯುತ್ತದೆ. ಬುಡದ ಸುತ್ತಳತೆಯನ್ನು ಹಗ್ಗ ಸುತ್ತಿ ಅಳೆಯಬಹುದು. ಬ್ರಹ್ಮಗುಪ್ತ ಹೇಳುವ ಉಪಾಯ ಇದು: ಮುಳ್ಳಿರುವ ಭತ್ತದಂಥ ಕಾಳಾದರೆ ಎತ್ತರ ಸುತ್ತಳತೆಯ ಒಂಬತ್ತರಲ್ಲಿ ಒಂದು ಪಾಲು, ದಪ್ಪ ಕಾಳಾದರೆ ಹತ್ತರಲ್ಲಿ ಒಂದು, ಸಣ್ಣ ಕಾಳಾದರೆ ಹನ್ನೊಂದರಲ್ಲಿ ಒಂದು. ಸಣ್ಣ ಕಾಳು ಜಾರಿ ಹರಡಿಕೊಳ್ಳುತ್ತದೆ, ಮುಳ್ಳಿನ ಕಾಳು ಒಂದನ್ನೊಂದು ಹಿಡಿದುಕೊಂಡು ಎತ್ತರಕ್ಕೆ ನಿಲ್ಲುತ್ತದೆ. ಸುತ್ತಳತೆಯ ಆರನೆಯ ಒಂದು ಪಾಲನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ರಾಶಿಯ ಗಾತ್ರ. ಸುತ್ತಳತೆ 36 ಮೊಳ ಇದ್ದರೆ ಆರನೆಯ ಪಾಲು 6, ವರ್ಗ 36. ಭತ್ತವಾದ್ದರಿಂದ ಎತ್ತರ 4 ಮೊಳ. ಗಾತ್ರ 144 ಘನಮೊಳ. ಪೈ ಬೆಲೆ 3 ಎಂದು ಹಿಡಿದರೆ ಶಂಕುವಿನ ಗಾತ್ರದ ಸೂತ್ರ ಸರಿಯಾಗಿ ಇಲ್ಲಿಗೇ ಬರುತ್ತದೆ, ಬೇಕಾದರೆ ಮಾಡಿ ನೋಡಿ.

ನಮ್ಮ ಶಾಲೆಯಲ್ಲಾದರೆ ಇದು ‘ಶಂಕು’ ಎಂಬ ಪಾಠ. ಕಾಳಿನ ರಾಶಿ ಆ ಪಾಠದ ಕೊನೆಯಲ್ಲಿ ಬರುವ ಒಂದು ಅಭ್ಯಾಸದ ಲೆಕ್ಕ. ಬ್ರಹ್ಮಗುಪ್ತನಲ್ಲಿ ಅದು ತಲೆಕೆಳಗಾಗಿದೆ. ರಾಶಿಯೇ ಪಾಠ. ಶಂಕುವಿನ ಆಕಾರದಲ್ಲೇ ಕೆಳಮುಖವಾಗಿ ತೋಡಿದ ಗುಂಡಿ ಇದ್ದರೂ ಅದು ಬೇರೆ ಪಾಠ, ಖಾತವ್ಯವಹಾರ. ಏಕೆಂದರೆ ಗುಂಡಿಯ ಆಳಕ್ಕೆ ಕೋಲು ಇಳಿಬಿಡಬಹುದು, ರಾಶಿಯ ಎತ್ತರವನ್ನು ಕಾಳಿನ ಜಾತಿ ನೋಡಿ ಊಹಿಸಬೇಕು. ಆಕಾರ ಒಂದೇ, ಕೆಲಸ ಬೇರೆ. ಈ ವಿಂಗಡಣೆಯ ತತ್ತ್ವವೇ ಅದು: ವಸ್ತು ಏನು ಎಂಬುದಕ್ಕಿಂತ ಅದರ ಜೊತೆ ಏನು ಮಾಡಬೇಕಾಗಿದೆ ಎಂಬುದು ಮುಖ್ಯ. ಮರ ಕೊಯ್ಯುವ ಕ್ರಕಚವ್ಯವಹಾರವೂ ಹಾಗೆಯೇ. ಅಲ್ಲಿ ಕೊನೆಗೆ ಬೇಕಾದದ್ದು ಕೊಯ್ಯುವವನ ಕೂಲಿ, ಅದು ಮರದ ಜಾತಿಗೆ ತಕ್ಕಂತೆ ಬದಲಾಗುತ್ತದೆ.

ಅದೇ ಕಾಲದ ಯುರೋಪಿನ ವಿಂಗಡಣೆಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಆರನೆಯ ಶತಮಾನದ ಆರಂಭದಲ್ಲಿ ಇಟಲಿಯ ಬೊಯೇಥಿಯಸ್ ಗ್ರೀಕರಿಂದ ಬಂದ ನಾಲ್ಕು ವಿದ್ಯೆಗಳನ್ನು ಲ್ಯಾಟಿನ್ ಓದುಗರಿಗೆ ಒಪ್ಪಿಸಿದ. ಅಂಕಗಣಿತ, ಸಂಗೀತ, ರೇಖಾಗಣಿತ, ಖಗೋಳ. ಎಣಿಸಬಹುದಾದದ್ದು ತನ್ನಷ್ಟಕ್ಕೆ ಇದ್ದರೆ ಅಂಕಗಣಿತ, ಇನ್ನೊಂದರ ಜೊತೆಗಿನ ಪ್ರಮಾಣವಾಗಿದ್ದರೆ ಸಂಗೀತ. ಅಳೆಯಬಹುದಾದದ್ದು ಸುಮ್ಮನೆ ನಿಂತಿದ್ದರೆ ರೇಖಾಗಣಿತ, ಚಲಿಸುತ್ತಿದ್ದರೆ ಖಗೋಳ. ನೀಟಾದ ವಿಂಗಡಣೆ, ಒಪ್ಪಬೇಕು. ಆದರೆ ಕೂಲಿ, ಕಾಳು, ಬಡ್ಡಿಗೆ ಅದರಲ್ಲಿ ಜಾಗವಿಲ್ಲ. ಅವು ಮಠದ ಪಂಡಿತನ ಯೋಗ್ಯತೆಗೆ ಸಲ್ಲದವು. ಭಾರತದ ಪಟ್ಟಿಯಲ್ಲಿ ಸಂಗೀತ ಗಣಿತದೊಳಗೆ ಬರುವುದಿಲ್ಲ, ಅದು ಗಾಂಧರ್ವ. ಸಂತೆ ಮಾತ್ರ ಒಳಗಿದೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಲು ಇದನ್ನು ಎತ್ತಲಿಲ್ಲ. ಎರಡು ಕಡೆಯವರು ‘ಗಣಿತ’ ಎಂಬ ಪದವನ್ನು ಹೇಳಿದಾಗ ಅವರ ಕಣ್ಣ ಮುಂದೆ ಬಂದ ಚಿತ್ರವೇ ಬೇರೆ.

ಹಾಗೆಂದು ತತ್ತ್ವದ ಕಡೆಯಿಂದ ವಿಂಗಡಿಸುವ ಯತ್ನ ಇಲ್ಲಿ ನಡೆದೇ ಇಲ್ಲವೆಂದಲ್ಲ. 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರ, ಗಣಿತ ಎರಡು ಬಗೆ, ರಾಶಿಗಣಿತ ಮತ್ತು ಕ್ಷೇತ್ರಗಣಿತ ಎನ್ನುತ್ತಾನೆ. ಸಂಖ್ಯೆಯದು ಒಂದು, ಆಕೃತಿಯದು ಒಂದು. ಇದು ನಮ್ಮ ಅಂಕಗಣಿತ–ರೇಖಾಗಣಿತದಂತೆಯೇ ಇದೆಯಲ್ಲ ಎನ್ನುವಷ್ಟರಲ್ಲಿ ಅವನು ಶ್ರೇಢಿಯನ್ನು, ಅಂದರೆ ಏರುವ ಸಂಖ್ಯೆಗಳ ಸಾಲನ್ನು, ಕ್ಷೇತ್ರಗಣಿತಕ್ಕೆ ಹಾಕಿಬಿಡುತ್ತಾನೆ! ತಪ್ಪಿ ಹಾಕಿದ್ದಲ್ಲ. 2, 5, 8, 11 ಅನ್ನು ಮೆಟ್ಟಿಲುಮೆಟ್ಟಿಲಾಗಿ ಇಟ್ಟ ಪಟ್ಟಿಗಳಂತೆ ಕಲ್ಪಿಸಿಕೊಳ್ಳಿ. ಕೆಳಗಿನದು ಅಗಲ, ಮೇಲಿನದು ಕಿರಿದು, ಒಟ್ಟಿಗೆ ನೋಡಿದರೆ ಎರಡು ಬದಿ ಓರೆಯಾದ ಹೊಲದ ಆಕಾರ. ಬುಡದ ಅಗಲಕ್ಕೆ ತಲೆಯ ಅಗಲ ಕೂಡಿ, ಅರ್ಧ ಮಾಡಿ, ಎತ್ತರದಿಂದ ಗುಣಿಸಿದರೆ ಹೊಲದ ವಿಸ್ತೀರ್ಣ. 2ಕ್ಕೆ 11 ಕೂಡಿ, ಅರ್ಧ ಮಾಡಿ, ನಾಲ್ಕು ಪದಗಳಿಂದ ಗುಣಿಸಿದರೆ 26, ಸಾಲಿನ ಮೊತ್ತ. ಸೂತ್ರ ಒಂದೇ. ಅವನ ಕಣ್ಣಿಗೆ ಸಾಲು ಒಂದು ಆಕೃತಿಯಾಗಿ ಕಂಡಿತು, ಆಕೃತಿಗಳ ಮನೆಗೆ ಕಳುಹಿಸಿದ. ಮಹಾವೀರನ ಕಣ್ಣಿಗೆ ಅದೇ ಸಾಲು ಕೂಡುವ ಕ್ರಿಯೆಯ ನಿಜವಾದ ರೂಪವಾಗಿ ಕಂಡಿತು, ಪರಿಕರ್ಮಗಳ ಸಾಲಿಗೆ ಏರಿಸಿದ.

ಇನ್ನು ಜೈನರ ಪರಂಪರೆಯದು ಬೇರೆಯೇ ದಾರಿ. ಅಲ್ಲಿ ಗಣಿತ ಧರ್ಮಶಾಸ್ತ್ರದ ಒಂದು ಅಂಗವೇ ಆಗಿತ್ತು, ಏಕೆಂದರೆ ಲೋಕದ ಅಳತೆ, ಕಾಲದ ಅಳತೆ, ಜೀವಗಳ ಸಂಖ್ಯೆ ಎಲ್ಲ ಸಿದ್ಧಾಂತದ ವಿಷಯಗಳು. ಸ್ಥಾನಾಂಗಸೂತ್ರ ಎಂಬ ಹಳೆಯ ಆಗಮ ಸಂಖ್ಯಾನಕ್ಕೆ, ಅಂದರೆ ಲೆಕ್ಕದ ವಿದ್ಯೆಗೆ, ಹತ್ತು ವಿಷಯಗಳನ್ನು ಹೆಸರಿಸುತ್ತದೆ. ಪರಿಕರ್ಮ, ವ್ಯವಹಾರದ ಜೊತೆಗೆ ಹಗ್ಗದ ಅಳತೆಯಾದ ರಜ್ಜು, ರಾಶಿ, ಭಿನ್ನಗಳ ಕಲಾಸವರ್ಣ, ವರ್ಗ, ಘನ, ವರ್ಗದ ವರ್ಗ, ಎಷ್ಟು ಬಗೆಯಾಗಿ ಜೋಡಿಸಬಹುದು ಎಂಬ ವಿಕಲ್ಪ ಎಲ್ಲವೂ ಅದರಲ್ಲಿವೆ. ರಾಷ್ಟ್ರಕೂಟರ ಕಾಲದಲ್ಲೇ ವೀರಸೇನಾಚಾರ್ಯ ಬರೆದ ಧವಲಾ ಟೀಕೆಯಲ್ಲಿ ಸಂಖ್ಯೆಗಳು ಎಣಿಸಬಹುದಾದವು, ಎಣಿಸಲಾಗದವು, ಅನಂತ ಎಂದು ಮೂರು ದರ್ಜೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬುದಕ್ಕೆ ಅರ್ಧಚ್ಛೇದ ಎಂಬ ಹೆಸರು. 32ರ ಅರ್ಧಚ್ಛೇದ 5. ಇವತ್ತಿನ ಲಾಗರಿದಮ್ ಅದು, ಆಧಾರ ಎರಡು. ಈ ಟೀಕೆಯನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆಯ ಹಳಗನ್ನಡ ಲಿಪಿಯ ತಾಳೆಗರಿಗಳು.

ಮಹಾವೀರ ನಿಂತಿದ್ದು ಈ ಎರಡು ದಾರಿಗಳು ಕೂಡುವ ಜಾಗದಲ್ಲಿ. ಒಂದು ಕಡೆ ಬ್ರಹ್ಮಗುಪ್ತನ ಪರಿಕರ್ಮ–ವ್ಯವಹಾರ, ಇನ್ನೊಂದು ಕಡೆ ಜೈನರ ಸಂಖ್ಯಾನ. ಅವನು ಮಾಡಿದ ದೊಡ್ಡ ಕೆಲಸವೆಂದರೆ ಖಗೋಳವನ್ನು ಹೊರಗಿಟ್ಟು ಬರೀ ಗಣಿತಕ್ಕೇ ಒಂದು ಇಡೀ ಗ್ರಂಥ ಕಟ್ಟಿದ್ದು. ಅದಕ್ಕೆ ಸಮರ್ಥನೆ ಬೇಕಲ್ಲ, ಮೊದಲ ಅಧ್ಯಾಯದಲ್ಲೇ ಕೊಡುತ್ತಾನೆ. ಲೌಕಿಕದಲ್ಲಿ, ವೈದಿಕದಲ್ಲಿ, ಧಾರ್ಮಿಕದಲ್ಲಿ ಯಾವ ವ್ಯಾಪಾರ ನಡೆದರೂ ಸಂಖ್ಯಾನ ಬೇಕು ಎಂದು ಶುರುಮಾಡಿ ಕಾಮತಂತ್ರ, ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣ ಎಂದು ಒಂದೇ ಉಸಿರಿಗೆ ಎಣಿಸುತ್ತಾನೆ. ಕೊನೆಗೆ ಸುಸ್ತಾದವನಂತೆ, ಹೆಚ್ಚು ಹರಟಿ ಏನು, ಮೂರು ಲೋಕದ ಚರಾಚರಗಳಲ್ಲಿ ಇರುವುದು ಯಾವುದೂ ‘ಗಣಿತೇನ ವಿನಾ ನ ಹಿ’ ಎಂದು ಮುಗಿಸುತ್ತಾನೆ. ಗ್ರಹಗತಿಯ ಲೆಕ್ಕ ಈ ಉದ್ದದ ಪಟ್ಟಿಯಲ್ಲಿ ಹತ್ತರ ಜೊತೆ ಹನ್ನೊಂದಾಗಿ ಬರುವ ಒಂದು ಉಪಯೋಗ ಮಾತ್ರ. ಯಜಮಾನ ಬದಲಾಗಿದ್ದಾನೆ. ಅಡುಗೆಶಾಸ್ತ್ರದ ಹೆಸರು ಸುಮ್ಮನೆ ಬಂದದ್ದೂ ಅಲ್ಲ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರುಚಿಗಳನ್ನು ಬೆರೆಸಿ ಎಷ್ಟು ಬಗೆ ಮಾಡಬಹುದು ಎಂಬ ಲೆಕ್ಕ ಮುಂದೆ ಬರುತ್ತದೆ. ಒಂದೊಂದೇ ರುಚಿಯವೂ ಸೇರಿ ಒಟ್ಟು 63.

ವಿಷಯಸೂಚಿಯನ್ನು ಮಹಾವೀರ ಹೇಳುವ ರೀತಿಯೇ ಒಂದು ಸೊಗಸು. ತನ್ನ ಗ್ರಂಥವನ್ನು ಸಮುದ್ರಕ್ಕೆ ಹೋಲಿಸುತ್ತಾನೆ. ಸಂಜ್ಞೆಗಳು, ಅಂದರೆ ಪರಿಭಾಷೆಯ ಪದಗಳು, ಅದರ ನೀರು. ಎಂಟು ಪರಿಕರ್ಮಗಳು ದಡ. ಭಿನ್ನರಾಶಿಗಳು ಹೊರಳಾಡುವ ಮೀನುಗಳು. ಪ್ರಕೀರ್ಣಕದ ಚಿಲ್ಲರೆ ಲೆಕ್ಕಗಳು ದೊಡ್ಡ ಮೊಸಳೆ. ತ್ರೈರಾಶಿಕ ಅಲೆ. ಮಿಶ್ರಕವ್ಯವಹಾರ ಹೊಳೆಯುವ ರತ್ನಗಳು. ಕ್ಷೇತ್ರಗಣಿತ ವಿಶಾಲವಾದ ತಳ, ಖಾತ ಅದರ ಮರಳು, ಛಾಯೆಯ ಅಧ್ಯಾಯ ಏರಿ ಬರುವ ಭರತ. ಒಂಬತ್ತು ಅಧ್ಯಾಯ, ಒಂಬತ್ತು ರೂಪಕ. ಕವಿಸಮಯ ಎಂದು ತಳ್ಳಿಹಾಕುವ ಮೊದಲು ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೋಲಿಕೆಗಳು ಬಹಳ ಹದವಾಗಿವೆ. ಅಲೆ ಸಮುದ್ರದ ಎಲ್ಲ ಕಡೆಯೂ ಇರುತ್ತದೆ, ತ್ರೈರಾಶಿಕವೂ ಹಾಗೆಯೇ. ಭರತ ಬರುವುದು ಚಂದ್ರನ ಸೆಳೆತಕ್ಕೆ. ಛಾಯೆಯ ಅಧ್ಯಾಯ ಖಗೋಳದ ಲೆಕ್ಕಕ್ಕೆ ಸೇರಿದ್ದು ಎಂದು ಅವನೇ ಅಲ್ಲಿ ಹೇಳುತ್ತಾನೆ. ಕೋಲು ನೆಟ್ಟು ನೆರಳು ಅಳೆದು ಹೊತ್ತು ತಿಳಿಯುವ ವಿದ್ಯೆ ಅದು. ಮನೆಯಿಂದ ಹೊರಗಿಟ್ಟ ಆಕಾಶ ಕೊನೆಯ ಅಧ್ಯಾಯದ ಕಿಟಕಿಯಿಂದ ಇಷ್ಟು ಮಾತ್ರ ಇಣುಕುತ್ತದೆ.

ನೀರು ಅಂದರೆ ಸಂಜ್ಞೆ ಎಂದದ್ದೂ ಅರ್ಥವತ್ತಾಗಿದೆ. ಪದ ಗೊತ್ತಿಲ್ಲದವನು ಈ ಸಮುದ್ರದಲ್ಲಿ ಈಜಲಾರ. ಮೊದಲ ಅಧ್ಯಾಯದ ತುಂಬ ಅಳತೆಗಳು: ಪರಮಾಣುವಿನಿಂದ ಯೋಜನದವರೆಗೆ ಉದ್ದ, ಕಾಲ, ಧಾನ್ಯ, ಚಿನ್ನ, ಬೆಳ್ಳಿ, ಲೋಹ ಒಂದೊಂದಕ್ಕೂ ಬೇರೆ ಬೇರೆ ಮಾನ. ಆಮೇಲೆ ಸ್ಥಾನಗಳ ಹೆಸರು, ಏಕದಿಂದ ಮಹಾಕ್ಷೋಭದವರೆಗೆ 24. ಸೊನ್ನೆಯ ನಿಯಮಗಳೂ ಧನ–ಋಣಗಳ ನಿಯಮಗಳೂ ಇಲ್ಲೇ. ಬ್ರಹ್ಮಗುಪ್ತ ಇವನ್ನು ಹನ್ನೆರಡನೆಯ ಅಧ್ಯಾಯದ ಪರಿಕರ್ಮಗಳ ಜೊತೆ ಇಟ್ಟಿರಲಿಲ್ಲ. ಹದಿನೆಂಟನೆಯ ಅಧ್ಯಾಯದಲ್ಲಿ, ಅವ್ಯಕ್ತದ, ಅಂದರೆ ಗೊತ್ತಿಲ್ಲದ ಸಂಖ್ಯೆಯ, ಲೆಕ್ಕ ಬರುವಲ್ಲಿ ಇಟ್ಟಿದ್ದ. ಋಣಸಂಖ್ಯೆ, ಸೊನ್ನೆ ಇವು ಕಣದಲ್ಲಿ ಸಿಗುವ ವಸ್ತುಗಳಲ್ಲ, ಸಮೀಕರಣ ಬಿಡಿಸುವಾಗ ಬೇಕಾಗುವವು ಎಂಬ ಭಾವ. ಇನ್ನೂರು ವರ್ಷಗಳ ನಂತರ ಮಹಾವೀರನಿಗೆ ಅವು ಅ ಆ ಇ ಈ. ಎಲ್ಲರೂ ಮೊದಲೇ ಕಲಿಯಬೇಕಾದ ಪದಗಳು. ಋಣದ ವರ್ಗಮೂಲ ಇರಲಾರದು, ಏಕೆಂದರೆ ಸ್ವಭಾವತಃ ಅದು ಯಾವುದರ ವರ್ಗವೂ ಅಲ್ಲ ಎಂದು ಖಚಿತವಾಗಿ ಹೇಳಿದವನೂ ಅವನೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಅಲ್ಲೇ ಎಡವಿದ್ದಾನೆ. ಭಾಗಿಸಲು ಏನೂ ಇಲ್ಲದ ಮೇಲೆ ಹಲಗೆಯ ಮೇಲಿನ ಅಂಕಿ ಹಾಗೇ ಉಳಿಯಿತಲ್ಲ ಎಂದುಕೊಂಡನೇನೋ ಎಂದು ನನಗೆ ಅನ್ನಿಸುವುದುಂಟು.

ಹಲಗೆ ಎಂದೆ. ಈ ಗಣಿತಕ್ಕೆ ಪಾಟೀಗಣಿತ ಎಂದು ಹೆಸರು ಬಂದದ್ದೇ ಅದರಿಂದ. ಪಾಟಿ ಅಂದರೆ ಹಲಗೆ. ನಮ್ಮ ಸ್ಲೇಟಿಗೆ ಪಾಟಿ ಎನ್ನುವ ಊರುಗಳು ಈಗಲೂ ಇವೆ. ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದಲೋ ಕಡ್ಡಿಯಿಂದಲೋ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಧೂಲೀಕರ್ಮ ಎಂದೂ ಕರೆಯುತ್ತಿದ್ದರು. ಅರಬ್ಬರ ನಾಡಿಗೆ ಇದು ಹೋದಾಗ ಅಲ್ಲಿಯೂ ಧೂಳಿನ ಲೆಕ್ಕ, ಹಲಗೆಯ ಲೆಕ್ಕ ಎಂಬ ಅರ್ಥದ ಹೆಸರುಗಳೇ ಬಿದ್ದವು. ಗುಣಾಕಾರಕ್ಕೆ ಮಹಾವೀರ ಹೇಳುವ ಕ್ರಮ ಕವಾಟಸಂಧಿ, ಅಂದರೆ ಕದಗಳನ್ನು ಹೊಂದಿಸುವ ಹಾಗೆ. 135ನ್ನು 12ರಿಂದ ಗುಣಿಸಬೇಕು. 135 ಬರೆದು ಅದರ 1ರ ನೆತ್ತಿಗೆ ಬರುವ ಹಾಗೆ 12ನ್ನು ಮೇಲಿಡಿ. ಒಂದು ಹನ್ನೆರಡಲ 12, ಆ 1ನ್ನು ಅಳಿಸಿ 12 ಬರೆಯಿರಿ. ಈಗ ಹಲಗೆಯ ಮೇಲೆ 1235. ಮೇಲಿನ 12ನ್ನು ಕದ ಸರಿಸಿದಂತೆ ಒಂದು ಮನೆ ಬಲಕ್ಕೆ ಸರಿಸಿ. ಮೂರು ಹನ್ನೆರಡಲ 36, ಆ 3ರ ಜಾಗದಲ್ಲಿ 6 ಇಟ್ಟು ದಶಕ 3ನ್ನು ಹಿಂದಿನ 12ಕ್ಕೆ ಸೇರಿಸಿ. 1565 ಆಯಿತು. ಇನ್ನೊಂದು ಮನೆ ಸರಿಸಿ. ಐದು ಹನ್ನೆರಡಲ 60, 5ರ ಜಾಗಕ್ಕೆ 0, ದಶಕ 6 ಹಿಂದಕ್ಕೆ. 1620. ಕೊನೆಗೆ ನೋಡಿದರೆ ಹಲಗೆಯ ಮೇಲೆ ಉತ್ತರ ಮಾತ್ರ ಇದೆ. ನಡುವಿನ ಹೆಜ್ಜೆಗಳೆಲ್ಲ ಧೂಳಾಗಿ ಹೋಗಿವೆ.

ಈ ಗ್ರಂಥಗಳಲ್ಲಿ ಬಿಡಿಸಿದ ಲೆಕ್ಕ ಏಕೆ ಇಲ್ಲ ಎಂದು ಕೇಳುವವರಿಗೆ ಉತ್ತರವೂ ಇದೇ. ಬಾಯಲ್ಲಿ ಸೂತ್ರ, ಹಲಗೆಯ ಮೇಲೆ ಕೆಲಸ, ತಾಳೆಗರಿಯಲ್ಲಿ ಸೂತ್ರ ಮತ್ತು ಉದಾಹರಣೆ. ಜ್ಞಾನವನ್ನು ವಿಂಗಡಿಸಿಟ್ಟ ರೀತಿಗೂ ಬರೆಯುವ ಸಾಮಗ್ರಿಗೂ ಹೀಗೆ ನಂಟಿದೆ. ತ್ರೈರಾಶಿಕ, ಪಂಚರಾಶಿಕಗಳು ಬೇರೆ ಬೇರೆ ಪರಿಕರ್ಮಗಳಾಗಿ ನಿಂತದ್ದಕ್ಕೂ ಹಲಗೆಯೇ ಕಾರಣವಿರಬೇಕು. ನೂರಕ್ಕೆ ಒಂದು ತಿಂಗಳಿಗೆ 2 ಬಡ್ಡಿ, 500ಕ್ಕೆ 6 ತಿಂಗಳಿಗೆ ಎಷ್ಟು? ಎಡಸಾಲಿನಲ್ಲಿ 100, 1, 2. ಬಲಸಾಲಿನಲ್ಲಿ 500, 6, ಕೆಳಗೆ ಖಾಲಿ. ಎಡದ 2ನ್ನು ಎತ್ತಿ ಬಲದ ಖಾಲಿ ಮನೆಗೆ ಹಾಕಿ. ಬಲದ ಗುಣಲಬ್ಧ 6000, ಎಡದ್ದು 100, ಭಾಗಿಸಿದರೆ 60. ಏಳು ರಾಶಿಯಾದರೆ ಸಾಲು ಉದ್ದ, ಅಷ್ಟೇ. ನಮ್ಮ ಕಣ್ಣಿಗೆ ಒಂದೇ ನಿಯಮ, ಹಲಗೆಯ ಮುಂದೆ ಕೂತವನಿಗೆ ಬೇರೆ ಬೇರೆ ವಿನ್ಯಾಸ.

ಮೊಸಳೆಯ ಅಧ್ಯಾಯಕ್ಕೆ ಬರೋಣ. ಪ್ರಕೀರ್ಣಕದಲ್ಲಿ ಒಂಟೆ, ಆನೆ, ನವಿಲು, ದುಂಬಿ ಎಲ್ಲ ಬರುತ್ತವೆ. ಒಂದು ಲೆಕ್ಕ ಹೀಗಿದೆ: ಒಂಟೆಗಳ ಹಿಂಡಿನ ಕಾಲು ಪಾಲು ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಯಿತು, ಐದರ ಮೂರರಷ್ಟು ಹೊಳೆಯ ದಡದಲ್ಲಿದ್ದವು. ಒಟ್ಟು ಎಷ್ಟು? ಉತ್ತರ 36. ಕಾಲು ಪಾಲು 9, ವರ್ಗಮೂಲ 6ರ ಎರಡರಷ್ಟು 12, ದಡದಲ್ಲಿ 15. ಇಲ್ಲಿ ಗಮನಿಸಬೇಕಾದದ್ದು ಒಂಟೆಯನ್ನಲ್ಲ. ಮಹಾವೀರ ಈ ಅಧ್ಯಾಯದ ಲೆಕ್ಕಗಳನ್ನು ಹತ್ತು ಜಾತಿಯಾಗಿ ವಿಂಗಡಿಸುತ್ತಾನೆ. ಭಾಗ ಮಾತ್ರ ಬಂದರೆ ಒಂದು ಜಾತಿ, ಉಳಿದದ್ದರ ಭಾಗ ಬಂದರೆ ಇನ್ನೊಂದು, ವರ್ಗಮೂಲ ಬಂದರೆ ಮೂಲಜಾತಿ, ಉಳಿದದ್ದರ ಮೂಲ ಬಂದರೆ ಶೇಷಮೂಲ. ಆನೆಯೋ ನವಿಲೋ ಎಂಬುದು ಜಾತಿಯನ್ನು ನಿರ್ಧರಿಸುವುದಿಲ್ಲ, ಅವ್ಯಕ್ತ ಎಲ್ಲಿ ಹೇಗೆ ಅಡಗಿದೆ ಎಂಬುದು ನಿರ್ಧರಿಸುತ್ತದೆ. ಕಾಳು, ಗುಂಡಿ, ಗರಗಸ ಎಂದು ಕೆಲಸಗಳ ಪ್ರಕಾರ ವಿಂಗಡಿಸಿದ ಮನೆಯಲ್ಲಿ, ಚಿಲ್ಲರೆ ಸಾಮಾನಿನ ಕೋಣೆಯೊಳಗೆ, ಸಮೀಕರಣದ ರೂಪ ನೋಡಿ ವಿಂಗಡಿಸುವ ಕಣ್ಣು ಹೀಗೆ ಕೆಲಸ ಮಾಡುತ್ತಿದೆ. ನನ್ನ ಮಟ್ಟಿಗೆ ಇಡೀ ಗ್ರಂಥದಲ್ಲಿ ಅತ್ಯಂತ ಆಧುನಿಕವಾದ ಭಾಗ ಇದು.

ಕ್ಷೇತ್ರದ ಅಧ್ಯಾಯದಲ್ಲಿ ಅವನು ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಡುತ್ತಾನೆ, ಕೆಲಸಕ್ಕೆ ಸಾಕಾಗುವ ವ್ಯಾವಹಾರಿಕ, ಕರಾರುವಾಕ್ಕಾದ ಸೂಕ್ಷ್ಮ. ವೃತ್ತಕ್ಕೆ ವ್ಯಾವಹಾರಿಕದಲ್ಲಿ 3, ಸೂಕ್ಷ್ಮದಲ್ಲಿ ಹತ್ತರ ವರ್ಗಮೂಲ. ಶಂಖ, ಮೃದಂಗ, ವಜ್ರ, ಜವೆಕಾಳಿನ ಆಕಾರದ ಹೊಲಗಳೆಲ್ಲ ಬಂದುಹೋಗುತ್ತವೆ. ಅಂಥ ಹೊಲವನ್ನು ಯಾರು ಉತ್ತರೋ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆ ಒಂದು ಉಪಭಾಗ, ಹೆಸರು ಪೈಶಾಚಿಕವ್ಯವಹಾರ. ಪಿಶಾಚಿಯಂತೆ ಕಾಡುವ ಲೆಕ್ಕಗಳು. ‘ಕಠಿಣ ಪ್ರಶ್ನೆಗಳು’ ಎಂಬ ನಮ್ಮ ಪಠ್ಯಪುಸ್ತಕದ ಶೀರ್ಷಿಕೆಗಿಂತ ಇದು ಎಷ್ಟೋ ಪ್ರಾಮಾಣಿಕ.

ಒಂದೇ ವಿಷಯ ಅಧ್ಯಾಯದಿಂದ ಅಧ್ಯಾಯಕ್ಕೆ ಅಲೆದ ಕತೆ ನೋಡಬೇಕಾದರೆ ಕುಟ್ಟಕವನ್ನು ಹಿಡಿಯಬೇಕು. ಮಹಾವೀರನ ಮಿಶ್ರಕ ಅಧ್ಯಾಯದಲ್ಲಿ ದಾರಿಹೋಕರು ಹಣ್ಣು ತುಂಬಿದ ಮರಗಳ ಕಾಡಿಗೆ ಬರುತ್ತಾರೆ. ಒಂದೇ ಸಮನಾದ 63 ಗುಡ್ಡೆ ಬಾಳೆಹಣ್ಣು, ಜೊತೆಗೆ ಬಿಡಿ 7 ಹಣ್ಣು. 23 ಜನ ಒಂದೂ ಉಳಿಯದ ಹಾಗೆ ಸಮನಾಗಿ ಹಂಚಿಕೊಂಡರು. ಗುಡ್ಡೆಗೆ ಎಷ್ಟು ಹಣ್ಣು? ಕುಟ್ಟಕ ಎಂದರೆ ಕನ್ನಡದಲ್ಲಿ ನಾವು ಹೇಳುವ ಕುಟ್ಟುವುದೇ, ದೊಡ್ಡ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಸಣ್ಣದು ಮಾಡುವುದು. 63ರಲ್ಲಿ 23ನ್ನು ಎರಡು ಸಲ ತೆಗೆದರೆ 17. 23ರಲ್ಲಿ 17 ತೆಗೆದರೆ 6. 17ರಲ್ಲಿ 6ನ್ನು ಎರಡು ಸಲ ತೆಗೆದರೆ 5. 6ರಲ್ಲಿ 5 ತೆಗೆದರೆ 1. ಪುಡಿಯಾಯಿತು. ಅಲ್ಲಿಂದ ಹೆಜ್ಜೆಹೆಜ್ಜೆಯಾಗಿ ಮೇಲೇರಿದರೆ ಗುಡ್ಡೆಗೆ 5 ಹಣ್ಣು. ಒಟ್ಟು 322, ಒಬ್ಬೊಬ್ಬರಿಗೆ 14.

ಆರ್ಯಭಟ ಇದೇ ವಿಧಾನವನ್ನು ಗಣಿತಪಾದದ ಕೊನೆಯ ಎರಡು ಶ್ಲೋಕಗಳಲ್ಲಿ ಇಟ್ಟಿದ್ದ. ಅದರ ಮುಂದೆ ಶುರುವಾಗುವುದು ಕಾಲಕ್ರಿಯಾಪಾದ. ಗ್ರಹಗಳು ಎಷ್ಟು ದಿನಗಳ ಹಿಂದೆ ಈ ಸ್ಥಾನದಲ್ಲಿದ್ದವು ಎಂದು ಕಂಡುಹಿಡಿಯಲು ಬೇಕಾದ ಲೆಕ್ಕವೇ ಅದು, ಬಾಗಿಲ ಬಳಿ ಇಟ್ಟಂತೆ ಇಟ್ಟ. ಬ್ರಹ್ಮಗುಪ್ತ ಅವ್ಯಕ್ತದ ಲೆಕ್ಕಗಳಿಗೆಲ್ಲ ಇಡೀ ಅಧ್ಯಾಯ ಮೀಸಲಿಟ್ಟು ಅದಕ್ಕೆ ಕುಟ್ಟಕಾಧ್ಯಾಯ ಎಂದೇ ಹೆಸರಿಟ್ಟ. ಒಂದು ಉಪಾಯದ ಹೆಸರು ಒಂದು ಶಾಖೆಯ ಹೆಸರಾಯಿತು. ಮಹಾವೀರನ ಕೈಗೆ ಬಂದಾಗ ಕುಟ್ಟಕ ಆಕಾಶದಿಂದ ಬಾಳೆಗುಡ್ಡೆಗೆ ಇಳಿದು ಬೆರಕೆ ಲೆಕ್ಕಗಳ ನಡುವೆ ಬಡ್ಡಿ, ಪಾಲುಗಾರಿಕೆಗಳ ಜೊತೆ ಕೂತಿತು. ಚಿನ್ನದ ಮಿಶ್ರಣದ ಲೆಕ್ಕಕ್ಕೂ ಅವನು ಸುವರ್ಣಕುಟ್ಟೀಕಾರ ಎಂದು ಹೆಸರು ಕೊಡುತ್ತಾನೆ. ವರ್ಣ ಎಂದರೆ ಚಿನ್ನದ ಅಪ್ಪಟತನದ ಅಳತೆ. 16 ವರ್ಣದ ಅಪ್ಪಟ ಚಿನ್ನಕ್ಕೆ ಅಷ್ಟೇ ತೂಕದ 12 ವರ್ಣದ್ದನ್ನು ಬೆರೆಸಿದರೆ 14 ವರ್ಣ ಎಂಬಂಥ ಲೆಕ್ಕ ಅದು. ಅಲ್ಲಿ ಕುಟ್ಟುವುದೇನೂ ಇಲ್ಲ, ಹೆಸರಷ್ಟೇ ಹಿಗ್ಗಿದೆ.

ಮಹಾವೀರನ ಪುಸ್ತಕ ದಕ್ಷಿಣದಲ್ಲಿ ಬಹಳ ಕಾಲ ಪಾಠದಲ್ಲಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದ ರಾಜಾದಿತ್ಯ ಬರೆದ ಗಣಿತಗ್ರಂಥಗಳಲ್ಲಿ ಒಂದಕ್ಕೆ ವ್ಯವಹಾರಗಣಿತ ಎಂದೂ ಇನ್ನೊಂದಕ್ಕೆ ಕ್ಷೇತ್ರಗಣಿತ ಎಂದೂ ಹೆಸರು. ಹಳೆಯ ಮನೆಯ ಎರಡು ಕೋಣೆಗಳು ಎರಡು ಪುಸ್ತಕಗಳಾದವು.

ಖಗೋಳದ ಮನೆಯಲ್ಲಿಯೂ ಗೋಡೆ ಎದ್ದಿತು. 1150ರಲ್ಲಿ ಎರಡನೆಯ ಭಾಸ್ಕರ ಸಿದ್ಧಾಂತಶಿರೋಮಣಿಯನ್ನು ಬರೆದಾಗ ಪಾಟೀಗಣಿತ ಲೀಲಾವತಿಯಾಯಿತು, ಅವ್ಯಕ್ತಗಣಿತ ಬೀಜಗಣಿತವೆಂಬ ಬೇರೆ ಭಾಗವಾಯಿತು, ಗ್ರಹಗಣಿತ ಮತ್ತು ಗೋಲಾಧ್ಯಾಯ ತಮ್ಮ ಪಾಡಿಗೆ ಉಳಿದವು. ಎಲ್ಲಕ್ಕೂ ಕಡೆಗೆ ಒಂದೊಂದು ಖಚಿತ ಜಾಗ ಸಿಕ್ಕಿತು ಎನ್ನುವಷ್ಟರಲ್ಲಿ ಕುಟ್ಟಕದ ಸರದಿ ಬಂತು. ಅದನ್ನು ಎಲ್ಲಿಡುವುದು? ಭಾಸ್ಕರ ಲೀಲಾವತಿಯಲ್ಲೂ ಇಟ್ಟ, ಬಹುಮಟ್ಟಿಗೆ ಅವೇ ಶ್ಲೋಕಗಳನ್ನು ಬೀಜಗಣಿತದಲ್ಲೂ ಇಟ್ಟ.